ಕಷಾಯ ಕುದಿಸಿದರೆ ಸತ್ವ ಹಾಳಾಗುತ್ತದೆಯೇ?

ಪ್ರಶ್ನೆ: ನಮ್ಮದು ಸಣ್ಣ ಕಾಫಿ ತೋಟ. ಜೊತೆಗೆ ಮೆಣಸು, ಅರಿಶಿನ, ನೆಲಬೇವು, ಒಂದೆಲಗ ಇವೆ. ಕುದಿಸಿದರೆ ಸತ್ವವೆಲ್ಲ ಹೋಗುತ್ತದೆ, ಕಾರ್ಬನ್ ಡೈಆಕ್ಸೈಡ್‌ನಿಂದ ಸಾರ ತೆಗೆಯುವ ಯಂತ್ರವೇ ಸರಿ ಎನ್ನುತ್ತಾರೆ. ನಮ್ಮ ಸ್ವಸಹಾಯ ಸಂಘದವರು ಸೇರಿ ಅಂಥ ಯಂತ್ರ ಹಾಕಬಹುದೇ?
– ಓದುಗರು, ಮೂಡಿಗೆರೆ

ಉತ್ತರ: ಯಂತ್ರದ ಮಾತು ಆಮೇಲೆ. ಮೊದಲು ನಿಮ್ಮ ಮನೆಯ ಕಾಫಿ ಫಿಲ್ಟರ್ ನೆನಪಿಸಿಕೊಳ್ಳಿ. ಪುಡಿ ತರಿಯಾಗಿದ್ದರೆ ಡಿಕಾಕ್ಷನ್ ತೆಳ್ಳಗೆ ಇಳಿಯುತ್ತದೆ. ನೀರು ಆರಿದ್ದರೂ ಅಷ್ಟೇ. ಗಿಡದ ಸಾರ ತೆಗೆಯುವುದೂ ಇದೇ ಕೆಲಸ. ಆದರೆ ಇಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ: ನಮಗೆ ಬೇಕಾದ್ದು ಯಾವುದರಲ್ಲಿ ಕರಗುತ್ತದೆ?

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ ಅಂತಲೇ ಹೇಳಬೇಕು. ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ನೆಲಬೇವಿನ ಕಹಿಗೆ ಕಾರಣವಾದ ಆಂಡ್ರೊಗ್ರಾಫೊಲೈಡ್ ಕೂಡ ನೀರಿಗಿಂತ ಆಲ್ಕೋಹಾಲ್‌ನಲ್ಲೇ ಜಾಸ್ತಿ ಕರಗುವುದು.

ಬಿಸಿಯ ವಿಷಯವೂ ಗಿಡದಿಂದ ಗಿಡಕ್ಕೆ ಬೇರೆ. ಚೀನಾದ ವಿಜ್ಞಾನಿ ತು ಯೂಯೂ 1971ರಲ್ಲಿ ಮಲೇರಿಯಾ ಔಷಧ ಹುಡುಕುತ್ತಿದ್ದರು. ಸಾರ ತೆಗೆಯುವಾಗಿನ ಬಿಸಿಯೇ ಗುಣ ಕೆಡಿಸುತ್ತಿರಬಹುದು ಎಂದು ಅವರಿಗೆ ಹೊಳೆದದ್ದು ಒಂದು ಹಳೆಯ ಗ್ರಂಥದಿಂದ. ಅದರಲ್ಲಿ ಚಿಂಗ್‌ಹಾವ್ ಎಂಬ ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಲು ಹೇಳಿತ್ತು, ಕುದಿಸಲು ಅಲ್ಲ. ಅವರು ಸುಮಾರು 35 ಡಿಗ್ರಿಗೇ ಕುದಿಯುವ ಈಥರ್ ಎಂಬ ದ್ರವ ಬಳಸಿದರು. ಆಗ ಗುಣ ಉಳಿಯಿತು. 2015ರಲ್ಲಿ ನೊಬೆಲ್ ಬಂತು. ಆದರೆ ನಮ್ಮ ಅರಿಶಿನವನ್ನು ಬೇಯಿಸಿಯೇ ಒಣಗಿಸುವುದು, ಅಲ್ವಾ? ಅದರಲ್ಲಿ ಕರ್ಕ್ಯುಮಿನ್ ಇದ್ದೇ ಇರುತ್ತದೆ. ತುಳಸಿಯ ಪರಿಮಳ ಮಾತ್ರ ತೆರೆದ ಪಾತ್ರೆಯಲ್ಲಿ ಹಾರಿಹೋಗುತ್ತದೆ. ಮುಚ್ಚಳ ಮುಚ್ಚಿ.

ಈಗ ಯಂತ್ರ. 31 ಡಿಗ್ರಿ ಬಿಸಿ, ಗಾಳಿಯ ಒತ್ತಡದ ಸುಮಾರು 73 ಪಟ್ಟು ಒತ್ತಡ ದಾಟಿದರೆ ಕಾರ್ಬನ್ ಡೈಆಕ್ಸೈಡ್ ಅನಿಲದಂತೆ ಒಳಗೆ ನುಗ್ಗುತ್ತದೆ, ದ್ರವದಂತೆ ಕರಗಿಸುತ್ತದೆ. ಒತ್ತಡ ಇಳಿಸಿದರೆ ತಾನೇ ಹೊರಟುಹೋಗುತ್ತದೆ, ಸಾರದಲ್ಲಿ ಉಳಿಯುವುದಿಲ್ಲ. ಕಾಫಿ ಬೀಜದ ಕೆಫೀನ್ ತೆಗೆಯಲೂ ಇದನ್ನು ಬಳಸುತ್ತಾರೆ. ಮೆಣಸು, ಶುಂಠಿಯ ಎಣ್ಣೆಯಂಶಕ್ಕೆ ಇದು ಬಹಳ ಒಳ್ಳೆಯದು. ಆದರೆ ಒಂದೆಲಗದ ಮುಖ್ಯ ಸತ್ವವಾದ ಏಷಿಯಾಟಿಕೋಸೈಡ್ ಎಣ್ಣೆಯ ಜಾತಿಯಲ್ಲ. ಬರೀ ಕಾರ್ಬನ್ ಡೈಆಕ್ಸೈಡ್‌ಗೆ ಅದು ಬಗ್ಗುವುದಿಲ್ಲ.

ಆದ್ದರಿಂದ ಸಾಲ ಮಾಡಿ ಯಂತ್ರ ಹಾಕಬೇಡಿ ಎಂದೇ ನನ್ನ ಸಲಹೆ. ಅಷ್ಟು ಒತ್ತಡ ತಡೆಯುವ ಉಕ್ಕಿನ ಪಾತ್ರೆ, ನುರಿತ ಕೆಲಸಗಾರರು, ವರ್ಷವಿಡೀ ಸರಕು, ಎಲ್ಲವೂ ಬೇಕು. ಮಜ್ಜಿಗೆ ಹುಲ್ಲು ಬೆಳೆದು ಹಬೆಯಲ್ಲಿ ಎಣ್ಣೆ ಇಳಿಸುವುದು ಸಂಘದ ಕೈಗೆ ಎಟಕುವ ಕೆಲಸ. ಉಳಿದ ಗಿಡಗಳನ್ನು ಚೆನ್ನಾಗಿ ಒಣಗಿಸಿ. ಮಲೆನಾಡಿನ ಮಳೆಗೆ ಎಲೆ ಬೂಷ್ಟು ಹಿಡಿದರೆ ಯಾವ ಯಂತ್ರವೂ ಅದನ್ನು ಸರಿಮಾಡದು. ನೆರಳಲ್ಲಿ, ಗಾಳಿ ಆಡುವ ಕಡೆ, ಮುಟ್ಟಿದರೆ ಪುಡಿಯಾಗುವವರೆಗೆ ಒಣಗಲಿ. ಸಂಬಾರ ಪದಾರ್ಥದ ಸಾರದ ಬಗ್ಗೆ ಮುಂದುವರಿಯುವ ಮನಸ್ಸಿದ್ದರೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ವಿಚಾರಿಸಿ.

ಪ್ರಶ್ನೆ: ಅಂಗಡಿಯ ಸ್ಪಿರಿಟ್‌ನಲ್ಲಿ ಅರಿಶಿನ, ಮೆಣಸು ನೆನೆಸಿ ಮನೆಯಲ್ಲೇ ಸಾರ ಮಾಡಿಕೊಳ್ಳಬಹುದೇ?
– ಓದುಗರು, ಅರಕಲಗೂಡು

ಉತ್ತರ: ದಯವಿಟ್ಟು ಬೇಡ. ಅಂಥ ಸ್ಪಿರಿಟ್‌ನಲ್ಲಿ ಮೆಥನಾಲ್ ಎಂಬ ವಿಷ ಇರಬಹುದು. ಅದು ಕಣ್ಣು ಕಳೆಯುತ್ತದೆ, ಜೀವವನ್ನೂ ತೆಗೆಯುತ್ತದೆ. ಶುದ್ಧ ಆಲ್ಕೋಹಾಲ್ ಸಿಕ್ಕರೂ ಗಟ್ಟಿ ಸಾರ ಬೇರೆ, ಅಡುಗೆಯ ಚಿಟಿಕೆ ಅರಿಶಿನ ಬೇರೆ. ಕರ್ಕ್ಯುಮಿನ್ ಜೊತೆ ಮೆಣಸಿನ ಖಾರಕ್ಕೆ ಕಾರಣವಾದ ಪೈಪರೀನ್ ಸೇರಿಸಿದ ಮಾತ್ರೆಗಳಿಂದ ಕೆಲವರ ಲಿವರ್‌ಗೆ ಪೆಟ್ಟು ಬಿದ್ದ ವರದಿಗಳಿವೆ. ಸಾರಿಗೆ, ಹಾಲಿಗೆ ಎಂದಿನಂತೆ ಹಾಕಿಕೊಳ್ಳಿ. ಈಗಾಗಲೇ ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದರೆ, ಇಂಥ ಮಾತ್ರೆ ಶುರುಮಾಡುವ ಮೊದಲು ನಿಮ್ಮ ಡಾಕ್ಟರಿಗೆ ಹೇಳಿ.