ಬ್ರೌಸರಿನಲ್ಲಿ ಓಡುವ ಲೆಕ್ಕಪತ್ರ: ಭಯ ಎಲ್ಲಿರಬೇಕು?

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಲೆಕ್ಕಪತ್ರದ ಪ್ರೋಗ್ರಾಮನ್ನು ಈಗ ಬ್ರೌಸರಿನಲ್ಲೇ ತೆರೆದು ಬಳಸುತ್ತಿದ್ದೇವೆ. 4 ಜಿಬಿ ರ‍್ಯಾಮ್ ಇರುವ ಹಳೆಯ ಕಂಪ್ಯೂಟರ್ ಮಧ್ಯಾಹ್ನದ ಹೊತ್ತಿಗೆ ತೀರ ನಿಧಾನವಾಗುತ್ತದೆ. ಇದರ ಜೊತೆಗೆ, ಡಿಜಿಟಲ್ ಸಹಿಗಾಗಿ ಮತ್ತೊಂದು ಜಾಲತಾಣವು ಸಣ್ಣ ಸಾಫ್ಟ್‌ವೇರ್ ಒಂದನ್ನು ಇನ್‌ಸ್ಟಾಲ್ ಮಾಡಿಕೊಳ್ಳಲು ಹೇಳುತ್ತಿದೆ. ಹೀಗೆ ಜಾಲದಿಂದ ಬರುವ ಪ್ರೋಗ್ರಾಮುಗಳನ್ನು ಓಡಿಸುವುದು ಸುರಕ್ಷಿತವೇ?
– ಓದುಗರೊಬ್ಬರು, ಬ್ಯಾಡಗಿ

ಉತ್ತರ: ಇವು ಎರಡು ಬೇರೆ ಸಂಗತಿಗಳು; ಹೆಚ್ಚಿನ ಅಪಾಯವಿರುವುದು ಎರಡನೆಯದರಲ್ಲಿ. ಬ್ರೌಸರಿನ ಪುಟದೊಳಗೆ ಓಡುವ ಪ್ರೋಗ್ರಾಮು ನಿಮ್ಮ ಕಡತಗಳನ್ನು ತಾನಾಗಿ ತೆರೆಯಲಾರದು. ನೀವು ಆಯ್ದು ಕೊಟ್ಟದ್ದನ್ನಷ್ಟೇ ಓದಬಲ್ಲದು. ಸ್ಯಾಂಡ್‌ಬಾಕ್ಸ್ ಎನ್ನುವುದು ಈ ಕಟ್ಟುಪಾಡಿಗೇ. ಹಿಂದೆ ಬ್ರೌಸರಿನೊಳಗೆ ಪ್ರೋಗ್ರಾಮು ಓಡಿಸಲು ಬಳಸುತ್ತಿದ್ದ ಆಕ್ಟಿವ್‌ಎಕ್ಸ್‌ಗೆ ಇಂಥ ತಡೆ ಇರಲಿಲ್ಲ. ಅದೇ ಕೆಲಸದ ಜಾವಾ ಆಪ್ಲೆಟ್, ಫ್ಲ್ಯಾಶ್‌ಗಳಿಗೆ ಇದ್ದರೂ ಅವುಗಳಲ್ಲಿ ಮತ್ತೆ ಮತ್ತೆ ಲೋಪಗಳು ಕಾಣಿಸಿಕೊಂಡವು. ಫ್ಲ್ಯಾಶ್‌ಗೆ ಅಡೋಬಿಯ ಬೆಂಬಲ 2020ರ ಡಿಸೆಂಬರ್ 31ಕ್ಕೆ ನಿಂತಿತು.

ನಿಮ್ಮ ಕಂಪ್ಯೂಟರ್ ನಿಧಾನವಾಗುವುದಕ್ಕೆ ಈ ರಕ್ಷಣೆಯೂ ಒಂದು ಕಾರಣ. ಪ್ರೊಸೆಸರುಗಳಲ್ಲಿನ ಸ್ಪೆಕ್ಟರ್ ಎಂಬ ದೋಷ 2018ರ ಜನವರಿಯಲ್ಲಿ ಬಯಲಾಗಿ, ಒಂದು ತಾಣದ ಪುಟವು ಅದೇ ಪ್ರಕ್ರಿಯೆಯಲ್ಲಿ (ತನ್ನದೇ ಮೆಮೊರಿಯೊಡನೆ ಓಡುವ ಪ್ರೋಗ್ರಾಮಿನ ಘಟಕದಲ್ಲಿ) ಇರುವ ಇನ್ನೊಂದು ತಾಣದ ಗುಟ್ಟನ್ನು ಮೆಮೊರಿಯಿಂದ ಊಹಿಸಿ ತೆಗೆಯಬಹುದೆಂದು ತಿಳಿದ ಮೇಲೆ, ಅದೇ ವರ್ಷ ಕ್ರೋಮ್ ಬೇರೆ ಬೇರೆ ತಾಣಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಲ್ಲಿ ಓಡಿಸತೊಡಗಿತು. ಅದಕ್ಕೆ ಮೆಮೊರಿ ಹೆಚ್ಚು ಬೇಕು; ರ‍್ಯಾಮ್ ಸಾಲದಾದಾಗ ವಿಂಡೋಸ್ ಹಾರ್ಡ್‌ಡಿಸ್ಕಿನ ಮೊರೆಹೋಗುತ್ತದೆ, ಆಗ ಎಲ್ಲವೂ ತೆವಳುತ್ತದೆ. ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಯಾವ ಪುಟ ಎಷ್ಟು ಮೆಮೊರಿ ತಿನ್ನುತ್ತಿದೆಯೆಂಬುದು ಕಾಣುತ್ತದೆ. ಬೇಡದ ಟ್ಯಾಬುಗಳನ್ನೂ, ಬ್ರೌಸರಿಗೆ ಸೇರಿಸಿಕೊಂಡ ಎಕ್ಸ್‌ಟೆನ್ಷನ್ ಎಂಬ ಸಣ್ಣ ಪ್ರೋಗ್ರಾಮುಗಳನ್ನೂ ತೆಗೆಯಿರಿ. ಎಲ್ಲ ತಾಣಗಳನ್ನೂ ಓದಲು ಅನುಮತಿ ಪಡೆದ ಎಕ್ಸ್‌ಟೆನ್ಷನ್ ನಿಮ್ಮ ಖಾತೆಯ ಪುಟವನ್ನೂ ಓದಬಲ್ಲದು. ಆಮೇಲೂ ಸಾಲದಿದ್ದರೆ, ಹೊಸ ಕಂಪ್ಯೂಟರ್ ಕೊಳ್ಳುವ ಮೊದಲು ಹುಬ್ಬಳ್ಳಿಯಲ್ಲಿ ಒಬ್ಬ ರಿಪೇರಿಯವರ ಬಳಿ ರ‍್ಯಾಮನ್ನು 8 ಜಿಬಿಗೆ ಏರಿಸಿ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿಗಿಂತ ವೇಗದ ಸಂಗ್ರಹ ಸಾಧನ) ಹಾಕಿಸಲು ಸಾಧ್ಯವೇ ಎಂದು ವಿಚಾರಿಸಿ. ಯಂತ್ರದಲ್ಲಿ ಇನ್ನೂ ವಿಂಡೋಸ್ 7 ಇದ್ದರೆ ಮಾತು ಬೇರೆ: ಕ್ರೋಮ್ 109ರ ನಂತರದ ಆವೃತ್ತಿಗಳು ಅದರಲ್ಲಿ ಓಡುವುದಿಲ್ಲ, ಹೊಸ ಲೋಪಗಳಿಗೆ ತಿದ್ದುಪಡಿಯೂ ಸಿಗುವುದಿಲ್ಲ.

ಇನ್ನು ಸಹಿಯ ಸಾಫ್ಟ್‌ವೇರ್. ಯುಎಸ್‌ಬಿ ಟೋಕನ್ ಎಂಬ ಪೆನ್‌ಡ್ರೈವಿನಂಥ ಸಾಧನದಲ್ಲಿರುವ ಸಹಿಯನ್ನು ಜಾಲಪುಟ ನೇರವಾಗಿ ಬಳಸಲಾರದ್ದರಿಂದ ಇಂಥ ಸಹಾಯಕ ಪ್ರೋಗ್ರಾಮು ಬೇಕಾಗುತ್ತದೆ; ಹೀಗಾಗಿ ಆ ಕೋರಿಕೆಯೇ ಅನುಮಾನಾಸ್ಪದವಲ್ಲ. ಆದರೆ ಒಮ್ಮೆ ಇನ್‌ಸ್ಟಾಲ್ ಆದ ಮೇಲೆ ಅದು ಸ್ಯಾಂಡ್‌ಬಾಕ್ಸಿನ ಹೊರಗಿದ್ದು, ನೀವು ತೆರೆಯಬಲ್ಲ ಎಲ್ಲ ಕಡತಗಳನ್ನೂ ತೆರೆಯಬಲ್ಲದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೊಂಡಿಯಿಂದ ಅದನ್ನು ಇಳಿಸಿಕೊಳ್ಳಬೇಡಿ. ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿರಿ. ವಿಂಡೋಸ್ ಅನುಮತಿ ಕೇಳುವಾಗ ತೋರಿಸುವ ಪ್ರಕಾಶಕರ ಹೆಸರು ಸಂಬಂಧಪಟ್ಟವರದೇ ಎಂಬುದನ್ನು ನೋಡಿರಿ. ಅಪರಿಚಿತ ಎಂದಿದ್ದರೆ ಅಲ್ಲಿಗೇ ನಿಲ್ಲಿಸಿ. ಸಹಿ ಮುಗಿದೊಡನೆ ಟೋಕನ್ ತೆಗೆದಿಡಿ, ಅದರ ಪಿನ್ನನ್ನು ಗುಮಾಸ್ತರಿಗೆ ಹೇಳಿಡಬೇಡಿ.