ಮೊದಲ ನಾಲ್ಕು ಪುಟ ತೆಗೆದುಬಿಡಿ

ನಮಸ್ಕಾರ.

‘ಪ್ರೀತಿಗೆ ಬಣ್ಣವಿಲ್ಲ’ ಅನ್ನುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಚಿನ ಸಿನಿಮಾಗಳಲ್ಲಿ ಬೇರೆ ಬೇರೆ ಜನಾಂಗದವರ ಪ್ರೇಮಕಥೆಗಳ ಬಗ್ಗೆ ಆರು ಪುಟ, ಹದಿನೆಂಟು ಸಿನಿಮಾಗಳ ಹೆಸರು. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಐದನೇ ಪುಟದ ನಡುವೆ ಏಳು ಸಾಲು ಸಿಕ್ಕವು. ಈ ಉದ್ದ ಪತ್ರ ಬರೆಯುತ್ತಿರುವುದು ಆ ಏಳು ಸಾಲಿಗಾಗಿ. ಅವು ಇಲ್ಲದಿದ್ದರೆ ‘ಕ್ಷಮಿಸಿ, ಬಳಸಿಕೊಳ್ಳಲಾಗುತ್ತಿಲ್ಲ’ ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆ.

ಮೊದಲು ಬೈಯುವುದನ್ನು ಮುಗಿಸಿಕೊಳ್ಳುತ್ತೇನೆ.

ಎರಡನೇ ಪುಟದಲ್ಲಿ ‘ಮನಸ್ಸಿಗೆ ಮುದ ಕೊಡುವ ಪ್ರೇಮಕಥೆಗಳು’ ಎಂಬ ಪಟ್ಟಿ ಇದೆ. ಅದರಲ್ಲಿ 2017ರ ‘ಗೆಟ್ ಔಟ್’ ಕೂಡ ಇದೆ. ನೀವು ಆ ಸಿನಿಮಾ ನೋಡಿಲ್ಲ ಅಲ್ವಾ? ನೋಡಿದವರು ಯಾರೂ ಅದನ್ನು ಆ ಪಟ್ಟಿಗೆ ಸೇರಿಸುವುದಿಲ್ಲ. ಅದು ಭಯದ ಸಿನಿಮಾ. ಕಪ್ಪು ಹುಡುಗ, ಬಿಳಿ ಹುಡುಗಿ ಅವಳ ಅಪ್ಪ ಅಮ್ಮನ ಮನೆಗೆ ಹೋಗುತ್ತಾರೆ ಎಂಬುದಷ್ಟೇ ನಿಮ್ಮ ಕಿವಿಗೆ ಬಿದ್ದಿರಬೇಕು. ಅಲ್ಲಿ ಆ ಪ್ರೀತಿಯೇ ಬಲೆ. ನಾಚಿಕೆ ಪಡಬೇಡಿ. ಹಿಂದೊಮ್ಮೆ ನಾನೂ ಬರೀ ಟ್ರೈಲರ್ ನೋಡಿ ಒಂದು ಸಿನಿಮಾ ಬಗ್ಗೆ ಬರೆದಿದ್ದೆ. ‘ಸ್ವಾಮಿ, ನೀವು ಮೆಚ್ಚಿದ ಆ ದೃಶ್ಯ ಸಿನಿಮಾದಲ್ಲೇ ಇಲ್ಲ’ ಅಂತ ಓದುಗರೊಬ್ಬರು ಕಾಗದ ಬರೆದರು. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ. ಆದ್ದರಿಂದ ಹದಿನೆಂಟು ಹೆಸರುಗಳಲ್ಲಿ ನೀವು ನಿಜವಾಗಿ ನೋಡಿದ್ದು ಎಷ್ಟು ಅಂತ ನಿಮ್ಮಷ್ಟಕ್ಕೆ ಲೆಕ್ಕ ಹಾಕಿ. ಉಳಿದದ್ದಕ್ಕೆಲ್ಲ ಗೆರೆ ಎಳೆಯಿರಿ.

‘ಎ ಯುನೈಟೆಡ್ ಕಿಂಗ್‌ಡಮ್’ ಸಿನಿಮಾದ ಬಗ್ಗೆ ಬರೆಯುವಾಗ ಅದರ ನಾಯಕ ಸೆರೆತ್ಸೆ ಖಾಮಾನನ್ನು ‘ದಕ್ಷಿಣ ಆಫ್ರಿಕಾದ ರಾಜ’ ಅಂದಿದ್ದೀರಿ. ಅವನು ಬೆಚುವಾನಾಲ್ಯಾಂಡಿನವನು, ಅಂದರೆ ಇವತ್ತಿನ ಬೋಟ್ಸ್ವಾನಾ. ದಕ್ಷಿಣ ಆಫ್ರಿಕಾ ಅವನ ಪಕ್ಕದ ದೇಶ, ಅವನ ಕಷ್ಟಕ್ಕೆ ದೊಡ್ಡ ಕಾರಣವೂ ಅದೇ. 1948ರಲ್ಲಿ ಅವನು ಲಂಡನ್ನಿನ ರೂತ್ ವಿಲಿಯಮ್ಸಳನ್ನು ಮದುವೆಯಾದ. ಮರುವರ್ಷವೇ ದಕ್ಷಿಣ ಆಫ್ರಿಕಾ ಬಿಳಿಯರು ಬೇರೆಯವರನ್ನು ಮದುವೆಯಾಗಬಾರದು ಅಂತ ಕಾನೂನು ಮಾಡಿತು. ಗಡಿಯ ಆಚೆ ಒಬ್ಬ ಕಪ್ಪು ನಾಯಕ ಬಿಳಿ ಹೆಂಡತಿಯ ಜೊತೆ ಆಳಿದರೆ ಅದಕ್ಕೆ ಸಹಿಸಲು ಆಗಲಿಲ್ಲ. ಆಗ ಖಾಮಾನ ನಾಡು ಬ್ರಿಟನ್ ಕೈಯಲ್ಲಿತ್ತು. ಬ್ರಿಟನ್ ಆ ಒತ್ತಡಕ್ಕೆ ಬಗ್ಗಿ ಖಾಮಾನನ್ನು ಅವನ ನಾಡಿನಿಂದಲೇ ದೂರ ಇಟ್ಟಿತು. 1966ರಲ್ಲಿ ದೇಶ ಸ್ವತಂತ್ರವಾದಾಗ ಅವನೇ ಮೊದಲ ಅಧ್ಯಕ್ಷ. ನೀವು ಅವನನ್ನು ತಪ್ಪು ದೇಶದಲ್ಲಿ ಇಟ್ಟ ಕೂಡಲೇ ಈ ಕಥೆಗೆ ಅರ್ಥವೇ ಇಲ್ಲದಂತಾಯಿತು ನೋಡಿ.

ಈಗ ಮಾತಿನ ವಿಷಯ. ಮೂರು ಕಡೆ ‘ಅಂತರ್ಜಾತಿ ಪ್ರೇಮ’ ಅಂತ ಬರೆದಿದ್ದೀರಿ. ಕೈಗೆ ಸುಲಭವಾಗಿ ಸಿಗುವ ಪದ, ಗೊತ್ತು. ಆದರೆ ಜಾತಿ ಬೇರೆ, ಜನಾಂಗ ಬೇರೆ. ಆ ಪದ ಹಾಕಿದರೆ ಓದುಗನ ತಲೆಯಲ್ಲಿ ಬೇರೆಯೇ ಕಥೆ ಶುರುವಾಗುತ್ತದೆ. ‘ಅಂತರ್‌ಜನಾಂಗೀಯ’ ಅನ್ನಬಹುದು. ಆದರೆ ಪ್ರತಿ ಸಾಲಿನಲ್ಲೂ ಬಂದರೆ ನಾಲಿಗೆ ತೊಡರುತ್ತದೆ. ಸುಮ್ನೆ ಯಾರು ಯಾರು ಅಂತ ಹೇಳಿಬಿಡಿ: ಕೊರಿಯಾದಲ್ಲಿ ಹುಟ್ಟಿದವಳು, ಅಮೆರಿಕದ ಬಿಳಿ ಗಂಡ. ಮುಗೀತು.

ಆದರೆ ನನಗೆ ಜಾಸ್ತಿ ಚುಚ್ಚಿದ್ದು ಬೇರೆ. ಒಬ್ಬ ನಟಿಯ ಬಗ್ಗೆ ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಅಂತ ಬರೆದಿದ್ದೀರಿ. ಆ ‘ಆದರೂ’ ಎಲ್ಲಿಂದ ಬಂತು? ಪೆನ್ನಿನಿಂದ ತಾನಾಗಿ ಉದುರಿರಬೇಕು. ನೀವು ಕೆಟ್ಟ ಮನಸ್ಸಿನಿಂದ ಬರೆದಿಲ್ಲ ಅನ್ನುವುದು ಲೇಖನದ ಉಳಿದ ಭಾಗ ನೋಡಿದರೆ ತಿಳಿಯುತ್ತದೆ. ತೊಂದರೆ ಇರುವುದೂ ಅಲ್ಲೇ. ಮೇಲೆ ದೊಡ್ಡದಾಗಿ ಪ್ರೀತಿಗೆ ಬಣ್ಣವಿಲ್ಲ ಅಂತ ಹಾಕಿ, ಕೆಳಗೆ ಒಂದು ‘ಆದರೂ’ ಇಟ್ಟಿದ್ದೀರಿ. ಆ ನಟಿಯ ಮುಖ ಹೇಗಿತ್ತು ಅಂತ ಹೇಳಿ, ಯಾವ ಕ್ಷಣದಲ್ಲಿ ಅವಳು ನಿಮ್ಮನ್ನು ಹಿಡಿದಿಟ್ಟಳು ಅಂತ ಹೇಳಿ. ‘ಆದರೂ’ ಬೇಡ.

ಶೀರ್ಷಿಕೆಯನ್ನೂ ಬದಲಿಸಿ. ಆ ಮಾತು ಲೇಖನದಲ್ಲಿ ಇನ್ನೂ ನಾಲ್ಕು ಸಲ ಬರುತ್ತದೆ. ಸವೆದ ಮಾತು ಅನ್ನುವುದು ಒಂದು ಕಾರಣ. ಸಿನಿಮಾದ ಮಟ್ಟಿಗೆ ಅದು ನಿಜವೂ ಅಲ್ಲ ಅನ್ನುವುದು ಇನ್ನೂ ದೊಡ್ಡ ಕಾರಣ. ‘ಗೆಟ್ ಔಟ್’ನಲ್ಲಿ ಊರಿಗೆ ಹೊರಡುವ ಮುಂಚೆ ಹುಡುಗ ಹುಡುಗಿಯನ್ನು ಕೇಳುತ್ತಾನೆ: ನಾನು ಕಪ್ಪು ಅಂತ ನಿನ್ನ ಮನೆಯವರಿಗೆ ಗೊತ್ತಾ? ಅವಳು ನಗುತ್ತಾಳೆ. ಅಪ್ಪನಿಗೆ ಆಗಿದ್ದರೆ ಒಬಾಮಾಗೆ ಮೂರನೇ ಸಲವೂ ಓಟು ಹಾಕುತ್ತಿದ್ದ ಅನ್ನುತ್ತಾಳೆ. ಆ ಕಥೆಯ ಭಯ ಹುಟ್ಟುವುದೇ ಅಲ್ಲಿ, ಬಣ್ಣ ನಮಗೆ ಕಾಣುವುದೇ ಇಲ್ಲ ಅನ್ನುವವರ ನಡುವೆ.

‘ಹಿಂದೆ ಜನ ಇಂಥದ್ದನ್ನು ಇಷ್ಟಪಡುತ್ತಿರಲಿಲ್ಲ, ಅದಕ್ಕೆ ಹಾಲಿವುಡ್ ಮಾಡುತ್ತಿರಲಿಲ್ಲ’ ಅಂದಿದ್ದೀರಿ. ಅಷ್ಟು ಸರಳವಲ್ಲ. ಬರೆದಿಟ್ಟ ನಿಯಮವೇ ಇತ್ತು. ಹೇಸ್ ಕೋಡ್ ಅನ್ನುತ್ತಿದ್ದರು. 1930ರಲ್ಲಿ ಬಂತು, 1934ರಿಂದ ಬಿಗಿಯಾಗಿ ಜಾರಿಯಾಯಿತು. ಬಿಳಿಯರ ಮತ್ತು ಕಪ್ಪು ಜನರ ನಡುವಿನ ದೇಹಸಂಬಂಧ ತೋರಿಸಬಾರದು ಅಂತ ಅದರಲ್ಲೇ ಇತ್ತು. ಆ ಸಾಲು ಹೋಗಿದ್ದು 1956ರಲ್ಲಿ. ಏಷ್ಯಾದವರಿಗೂ ಅದರ ಬಿಸಿ ತಟ್ಟಿತು. 1937ರ ‘ದಿ ಗುಡ್ ಅರ್ತ್’ ಚೀನಾದ ರೈತ ಗಂಡ ಹೆಂಡತಿಯ ಕಥೆ. ಚೀನೀ ಮೂಲದ ತಾರೆ ಆ್ಯನಾ ಮೇ ವಾಂಗ್ ಆ ಹೆಂಡತಿಯ ಪಾತ್ರ ಬಯಸಿದ್ದಳು. ಆದರೆ ಗಂಡನ ಪಾತ್ರ ಬಿಳಿ ನಟ ಪಾಲ್ ಮ್ಯೂನಿಗೆ ಹೋಗಿತ್ತು. ಅವನ ಹೆಂಡತಿಯಾಗಿ ನಿಜವಾದ ಚೀನೀ ಮೂಲದವಳು ಇರುವಂತಿರಲಿಲ್ಲ! ಬಿಳಿ ನಟಿ ಲೂಯಿಸ್ ರೈನರ್ ಮೇಕಪ್ ಹಾಕಿಕೊಂಡು ಮಾಡಿದಳು, ಅದಕ್ಕೆ ಆಸ್ಕರ್ ಕೂಡ ಗೆದ್ದಳು. ‘ಜನ ಇಷ್ಟಪಡುತ್ತಿರಲಿಲ್ಲ’ ಅನ್ನುವ ನಿಮ್ಮ ಸಾಲನ್ನು ತೆಗೆದು ಇದನ್ನು ಹಾಕಿ.

‘ಗೆಸ್ ಹೂಸ್ ಕಮಿಂಗ್ ಟು ಡಿನ್ನರ್’ ವಿಷಯದಲ್ಲೂ ನೀವು ಕುದುರೆಯ ಮುಂದೆ ಗಾಡಿ ಕಟ್ಟಿದ್ದೀರಿ. ಬಿಳಿ ಹುಡುಗಿ ತಾನು ಮದುವೆಯಾಗಲಿರುವ ಕಪ್ಪು ಹುಡುಗನನ್ನು ಮನೆಗೆ ಕರೆತರುವ ಕಥೆ ಅದು. ಇಂಥ ಮದುವೆಗಳನ್ನು ನಿಷೇಧಿಸುವುದು ಸಲ್ಲದು ಅಂದ ಅಮೆರಿಕದ ಸುಪ್ರೀಂ ಕೋರ್ಟಿನ 1967ರ ಜೂನ್ 12ರ ತೀರ್ಪಿನಿಂದ ಧೈರ್ಯ ಬಂದು ಆ ಸಿನಿಮಾ ತೆಗೆದರು ಅಂದಿದ್ದೀರಿ. ಇಲ್ಲ. ತೀರ್ಪು ಬರುವ ಹೊತ್ತಿಗೆ ಚಿತ್ರೀಕರಣ ಮುಗಿದಿತ್ತು. ಹುಡುಗಿಯ ಅಪ್ಪನ ಪಾತ್ರ ಮಾಡಿದ ಸ್ಪೆನ್ಸರ್ ಟ್ರೇಸಿ ತನ್ನ ಕೆಲಸ ಮುಗಿಸಿ ಜೂನ್ 10ಕ್ಕೆ ತೀರಿಕೊಂಡ, ತೀರ್ಪಿಗೆ ಎರಡು ದಿನ ಮುಂಚೆ. ಸಿನಿಮಾದೊಳಗೇ ಹುಡುಗನ ಅಪ್ಪ ಹೇಳುತ್ತಾನೆ, ಹದಿನಾರು ಹದಿನೇಳು ರಾಜ್ಯಗಳಲ್ಲಿ ಇದು ಕಾನೂನಿಗೆ ವಿರುದ್ಧ ಅಂತ. ಡಿಸೆಂಬರ್‌ನಲ್ಲಿ ತೆರೆಗೆ ಬರುವಾಗ ಆ ಮಾತು ಹಳತಾಗಿತ್ತು.

ಆ ಸಿನಿಮಾದ ಮುತ್ತಿನ ದೃಶ್ಯ ನೆನಪಿದೆಯಾ? ಟ್ಯಾಕ್ಸಿಯಲ್ಲಿ ಅವರಿಬ್ಬರು ಮುತ್ತಿಡುತ್ತಾರೆ. ನಮಗೆ ಅದು ಕಾಣುವುದು ಡ್ರೈವರ್‌ನ ಕನ್ನಡಿಯಲ್ಲಿ. ಅಂದರೆ ಮೂರನೆಯವನ ಕಣ್ಣಿನಿಂದ, ಅಂಗೈ ಅಗಲದ ಚೌಕಟ್ಟಿನಲ್ಲಿ. ನೀವು ‘ದಿಟ್ಟ ಸಿನಿಮಾ’ ಅಂತ ಬರೆದು ಮುಂದಕ್ಕೆ ಹೋಗಿದ್ದೀರಿ. ಆ ಕನ್ನಡಿ ಕಂಡಿದ್ದರೆ ಒಂದು ಪುಟ ಬರೆಯಬಹುದಿತ್ತು. ಎಷ್ಟು ದಿಟ್ಟ, ಎಲ್ಲಿಗೆ ನಿಂತಿತು, ಎಲ್ಲ ಅದರೊಳಗೇ ಇದೆ.

ನಿಮ್ಮ ಇಡೀ ಲೇಖನದ ಬಗ್ಗೆ ನನ್ನ ತಕರಾರು ಇದೇ. ನೀವು ಜೋಡಿಗಳನ್ನು ಎಣಿಸುತ್ತಿದ್ದೀರಿ. ಇಷ್ಟು ಸಿನಿಮಾದಲ್ಲಿ ಇಷ್ಟು ಜೋಡಿ, ಹಿಂದೆ ಕಡಿಮೆ, ಈಗ ಜಾಸ್ತಿ, ಹಾಗಾಗಿ ಕಾಲ ಬದಲಾಗಿದೆ. ಎಣಿಸುವುದಕ್ಕೆ ಸಿನಿಮಾ ನೋಡಬೇಕಾಗಿಲ್ಲ, ಪೋಸ್ಟರ್ ಸಾಕು. ಆ ಇಬ್ಬರ ನಡುವೆ ಏನು ನಡೆಯಲು ಬಿಟ್ಟಿದ್ದಾರೆ, ಅದನ್ನು ಯಾರು ನೋಡುತ್ತಿದ್ದಾರೆ, ಕ್ಯಾಮೆರಾ ಎಲ್ಲಿ ನಿಂತಿದೆ, ಅದನ್ನು ಬರೆಯಿರಿ.

2016ರ ‘ಲವಿಂಗ್’ ತಗೊಳ್ಳಿ. ಆ ತೀರ್ಪಿಗೆ ಕಾರಣರಾದ ರಿಚರ್ಡ್ ಮತ್ತು ಮಿಲ್ಡ್ರೆಡ್ ಲವಿಂಗ್ ಅವರ ಕಥೆ. 1958ರಲ್ಲಿ ವಾಷಿಂಗ್ಟನ್‌ಗೆ ಹೋಗಿ ಮದುವೆಯಾಗಿ ವರ್ಜೀನಿಯಾಕ್ಕೆ ಬಂದರು. ಕೆಲವೇ ವಾರಕ್ಕೆ ರಾತ್ರಿ ಪೊಲೀಸರು ಮಲಗುವ ಕೋಣೆಗೇ ನುಗ್ಗಿದರು. ರಿಚರ್ಡ್ ಗೋಡೆಯ ಮೇಲಿನ ಮದುವೆ ಪತ್ರ ತೋರಿಸುತ್ತಾನೆ. ಇಲ್ಲಿ ಅದು ನಡೆಯುವುದಿಲ್ಲ ಅನ್ನುತ್ತಾರೆ. ಒಂದು ವರ್ಷ ಜೈಲು, ಇಲ್ಲವಾದರೆ 25 ವರ್ಷ ಇಬ್ಬರೂ ಒಟ್ಟಿಗೆ ರಾಜ್ಯಕ್ಕೆ ಕಾಲಿಡಬಾರದು ಅಂತ ಆಜ್ಞೆ. ನೀವು ಇದನ್ನು ‘ರೋಚಕ ಕಾನೂನು ಹೋರಾಟದ ಚಿತ್ರ’ ಅಂದಿದ್ದೀರಿ. ಆ ಸಿನಿಮಾ ಕೋರ್ಟಿನಲ್ಲಿ ಇರುವುದೇ ಕೆಲವು ನಿಮಿಷ! ಸುಪ್ರೀಂ ಕೋರ್ಟಿನ ವಿಚಾರಣೆಗೆ ಆ ದಂಪತಿ ಹೋಗಲೂ ಇಲ್ಲ. ನಿರ್ದೇಶಕ ಜೆಫ್ ನಿಕೋಲ್ಸ್ ಕ್ಯಾಮೆರಾವನ್ನು ಮನೆಯಲ್ಲೇ ಇಡುತ್ತಾನೆ. ರಿಚರ್ಡ್ ಇಟ್ಟಿಗೆ ಕಟ್ಟುತ್ತಾನೆ. ಮಿಲ್ಡ್ರೆಡ್ ಫೋನ್ ಎತ್ತುತ್ತಾಳೆ. ಲೈಫ್ ಪತ್ರಿಕೆಯ ಛಾಯಾಗ್ರಾಹಕ ಮನೆಗೆ ಬಂದಾಗ ಗಂಡ ಹೆಂಡತಿಯ ತೊಡೆಯ ಮೇಲೆ ತಲೆ ಇಟ್ಟು ಟಿವಿ ನೋಡಿ ನಗುತ್ತಿರುತ್ತಾನೆ. ಛಾಯಾಗ್ರಾಹಕ ಫೋಟೋ ತೆಗೆಯುತ್ತಾನೆ, ಅಷ್ಟೇ. ಇಲ್ಲೂ ಮೂರನೆಯವನ ಕಣ್ಣು ಇದೆ. ಟ್ಯಾಕ್ಸಿ ಕನ್ನಡಿಯ ಪಕ್ಕ ಈ ಫೋಟೋ ಇಟ್ಟು ನೋಡಿ. ಐವತ್ತು ವರ್ಷದಲ್ಲಿ ಏನು ಬದಲಾಯಿತು ಅನ್ನುವುದಕ್ಕೆ ನಿಮಗೆ ಅಂಕಿಸಂಖ್ಯೆ ಬೇಕಾಗುವುದಿಲ್ಲ.

ಅಂಕಿಸಂಖ್ಯೆ ಅಂದೆನಲ್ಲ. ಗ್ಯಾಲಪ್ ಸಮೀಕ್ಷೆಯನ್ನು ನೀವು ಸರಿಯಾಗಿಯೇ ಹೇಳಿದ್ದೀರಿ. ಕಪ್ಪು ಬಿಳಿ ಮದುವೆಗೆ ಒಪ್ಪಿಗೆ ಅಂದ ಅಮೆರಿಕನ್ನರು 1958ರಲ್ಲಿ ಶೇ 4, 2021ರಲ್ಲಿ ಶೇ 94. ಆದರೆ ಅದನ್ನು ಕೊನೆಯಲ್ಲಿ ಪದಕದ ಹಾಗೆ ತೂಗುಹಾಕಿದ್ದೀರಿ. 1958 ಲವಿಂಗ್ ದಂಪತಿ ಮದುವೆಯಾದ ವರ್ಷ. ಆ ಶೇ 4 ಅವರ ಕಥೆಯ ಪಕ್ಕದಲ್ಲಿರಲಿ. ಇನ್ನೊಂದೂ ಸೇರಿಸಿ: ಅಲಬಾಮಾ ತನ್ನ ಸಂವಿಧಾನದಿಂದ ಇಂಥ ಮದುವೆಯ ನಿಷೇಧವನ್ನು ಅಳಿಸಿದ್ದು 2000ದಲ್ಲಿ, ಮತದಾನದ ಮೂಲಕ. ಆಗಲೂ ಸುಮಾರು ಶೇ 40 ಮಂದಿ ಅಳಿಸುವುದು ಬೇಡ ಅಂತ ಮತ ಹಾಕಿದರು.

ಇನ್ನೊಂದು. ನಿಮ್ಮ ಹದಿನೆಂಟರಲ್ಲಿ ಪ್ರತಿ ಜೋಡಿಯಲ್ಲೂ ಒಬ್ಬರು ಬಿಳಿಯರು. ಗಮನಿಸಿದ್ದೀರಾ? 2019ರ ‘ದ ಸನ್ ಈಸ್ ಆಲ್ಸೋ ಎ ಸ್ಟಾರ್’ ನೋಡಿ. ಹುಡುಗಿ ಜಮೈಕಾದವಳು, ಮನೆಯವರ ಜೊತೆ ಅವಳನ್ನು ದೇಶದಿಂದ ಹೊರಗೆ ಕಳಿಸಲು ಒಂದೇ ದಿನ ಉಳಿದಿದೆ. ಹುಡುಗ ಕೊರಿಯಾ ಮೂಲದವನು. ಅವನ ಮನೆಯವರ ಅಂಗಡಿಯಲ್ಲಿ ಮಾರುವುದು ಕಪ್ಪು ಹೆಂಗಸರ ಕೂದಲಿನ ಸಾಮಾನು. ಸಿನಿಮಾ ತುಂಬಾ ಸಿಹಿ, ನನಗೆ ಅಷ್ಟೇನೂ ಹಿಡಿಸಲಿಲ್ಲ. ಆದರೆ ಆ ಅಂಗಡಿಯೊಳಗೆ ಅವಳು ಕಾಲಿಟ್ಟಾಗ ಏನಾಗುತ್ತದೆ ನೋಡಿ. ಇದಕ್ಕಿಂತ ಎಷ್ಟೋ ಮೇಲು 1991ರ ಮೀರಾ ನಾಯರ್ ಅವರ ‘ಮಿಸಿಸಿಪ್ಪಿ ಮಸಾಲಾ’. ಈಚಿನದಲ್ಲ, ಆದರೂ ನೋಡಲೇಬೇಕು. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಓಡಿಸಿದ ಭಾರತೀಯ ಕುಟುಂಬ ಅಮೆರಿಕದ ಮಿಸಿಸಿಪ್ಪಿಯಲ್ಲಿ ಇದೆ. ಮಗಳಿಗೆ ಒಬ್ಬ ಕಪ್ಪು ಯುವಕನ ಮೇಲೆ ಪ್ರೀತಿ. ‘ನೀನು ನಮ್ಮವನಲ್ಲ’ ಅನ್ನಿಸಿಕೊಂಡು ದೇಶ ಬಿಟ್ಟು ಬಂದ ಅಪ್ಪನಿಗೇ ಆ ಹುಡುಗನನ್ನು ಒಪ್ಪಿಕೊಳ್ಳಲು ಆಗುವುದಿಲ್ಲ. ಅವನನ್ನು ಕೆಟ್ಟವನು ಅಂತ ತಳ್ಳಿಹಾಕಲೂ ನಮಗೆ ಆಗುವುದಿಲ್ಲ.

‘ದಿ ಬಿಗ್ ಸಿಕ್’ ಭಾಗ ಪರವಾಗಿಲ್ಲ. ಕುಮೇಲ್ ನಂಜಿಯಾನಿ ಮತ್ತು ಎಮಿಲಿ ಗಾರ್ಡನ್ ತಮ್ಮದೇ ಬದುಕಿನ ಕಥೆ ಬರೆದದ್ದು ಅಂತ ಹೇಳಿದ್ದೀರಿ, ಒಳ್ಳೆಯದು. ಆದರೆ ಆ ಸಿಗಾರ್ ಡಬ್ಬಿ ಮರೆತಿರಿ. ಅಮ್ಮ ನೋಡಿದ ಪಾಕಿಸ್ತಾನಿ ಹುಡುಗಿಯರ ಫೋಟೋಗಳನ್ನು ಕುಮೇಲ್ ಅದರಲ್ಲಿ ಹಾಕಿಡುತ್ತಾನೆ, ಎಮಿಲಿಗೆ ಸಿಕ್ಕಾಗ ಜಗಳವಾಗುತ್ತದೆ. ನಮ್ಮ ಕನಿಕರವೆಲ್ಲ ಎಮಿಲಿಗೆ. ಆ ಡಬ್ಬಿಯೊಳಗಿನ ಹುಡುಗಿಯರ ಗತಿ? ಅವರಲ್ಲಿ ಒಬ್ಬಳಿಗೆ ಮಾತ್ರ ನೋವು ಹೇಳಿಕೊಳ್ಳಲು ಸ್ವಲ್ಪ ಹೊತ್ತು ಸಿಗುತ್ತದೆ. ಸಿನಿಮಾ ಇಷ್ಟವಾಗಿದ್ದರೂ ಇಂಥದ್ದನ್ನು ಕೇಳಬಹುದು.

ಈಗ ಆ ಏಳು ಸಾಲು. 2023ರ ‘ಪಾಸ್ಟ್ ಲೈವ್ಸ್’ ಬಗ್ಗೆ. ಕೊರಿಯಾದಲ್ಲಿ ಜೊತೆಗೆ ಓದಿದ ಗೆಳೆಯ ಎಷ್ಟೋ ವರ್ಷಗಳ ಮೇಲೆ ನೋರಾಳನ್ನು ನೋಡಲು ನ್ಯೂಯಾರ್ಕಿಗೆ ಬರುತ್ತಾನೆ. ಅವಳ ಬಿಳಿ ಗಂಡ ಆರ್ಥರ್ ಪಕ್ಕದಲ್ಲಿದ್ದಾನೆ. ನೀವು ಬರೆದದ್ದು ಇದು: ‘ಅವಳು ನಿದ್ದೆಯಲ್ಲಿ ಮಾತಾಡುವುದು ಕೊರಿಯನ್ ಭಾಷೆಯಲ್ಲಿ. ಅವನಿಗೆ ಅರ್ಥವಾಗುವುದಿಲ್ಲ. ಅದಕ್ಕೇ ಆ ಭಾಷೆ ಕಲಿಯುತ್ತಿದ್ದಾನೆ. ಇಷ್ಟು ಹತ್ತಿರ ಮಲಗಿದವಳು ದಿನಾ ರಾತ್ರಿ ಅವನಿಗೆ ವೀಸಾ ಸಿಗದ ದೇಶಕ್ಕೆ ಹೋಗಿ ಬರುತ್ತಾಳೆ. ಕೊನೆಯಲ್ಲಿ ಗೆಳೆಯನನ್ನು ಬೀಳ್ಕೊಟ್ಟು ಬರುವಾಗ ಅವನು ಮೆಟ್ಟಿಲ ಹತ್ತಿರ ಕಾಯುತ್ತಿರುತ್ತಾನೆ. ಅವಳು ಅಳುತ್ತಾಳೆ. ಯಾಕೆ ಅಂತ ಅವನು ಕೇಳುವುದಿಲ್ಲ.’

‘ವೀಸಾ ಸಿಗದ ದೇಶ’ ಓದಿ ನಾನು ಕುರ್ಚಿ ಬಿಟ್ಟು ಎದ್ದೆ. ಇದು ಯಾರೂ ಹೇಳಿಕೊಟ್ಟದ್ದಲ್ಲ, ನೀವು ನೋಡಿದ್ದು. ಬಣ್ಣದ ಹೆಸರೇ ಎತ್ತದೆ ಇಬ್ಬರ ನಡುವಿನ ದೂರ ಹೇಳಿದ್ದೀರಿ, ಆ ದೂರದಲ್ಲೂ ಮದುವೆ ಗಟ್ಟಿಯಾಗಿದೆ ಅಂತಲೂ ಹೇಳಿದ್ದೀರಿ. ಮತ್ತೆ ಯಾಕೆ ಆ ಕೂಡಲೇ ‘ಹೀಗೆ ಪ್ರೀತಿಗೆ ಬಣ್ಣವಿಲ್ಲ’ ಅಂತ ಮುಚ್ಚಳ ಹಾಕಿದಿರಿ?

ಲೇಖನ ಇಲ್ಲಿಂದ ಶುರುವಾಗಲಿ. ಮೊದಲ ನಾಲ್ಕು ಪುಟ ತೆಗೆದುಬಿಡಿ. ಆಮೇಲೆ ಅದೇ ಸಿನಿಮಾದ ಮೊದಲ ದೃಶ್ಯಕ್ಕೆ ಬನ್ನಿ. ಬಾರಿನಲ್ಲಿ ಮೂವರೂ ಕೂತಿದ್ದಾರೆ. ದೂರದಲ್ಲಿ ಯಾರೋ ಇವರನ್ನು ನೋಡಿ ಯಾರಿಗೆ ಯಾರು ಏನಾಗಬೇಕು ಅಂತ ಊಹೆ ಮಾಡುತ್ತಿದ್ದಾರೆ. ಟ್ಯಾಕ್ಸಿ ಡ್ರೈವರ್, ಛಾಯಾಗ್ರಾಹಕ, ಈಗ ಈ ಅಪರಿಚಿತರು. ನಿಮ್ಮ ದಾರ ಇದು. ಈ ಮೂರು ಸಿನಿಮಾ ಸಾಕು, ಬೇಕಾದರೆ ನಾಲ್ಕನೆಯದಾಗಿ ‘ಗೆಟ್ ಔಟ್’. ಅಲ್ಲಿ ಪಾರ್ಟಿಗೆ ಬಂದವರೆಲ್ಲ ಆ ಹುಡುಗನನ್ನು ನೋಡುವ ರೀತಿಯೇ ಬೇರೆ.

ಸಾವಿರ ಪದ ಮೀರಬೇಡಿ. ಎರಡು ವಾರ ತಗೊಳ್ಳಿ, ಅವಸರವಿಲ್ಲ. ‘ಗೆಟ್ ಔಟ್’ ಮಾತ್ರ ಈ ಸಲ ನೋಡಿಯೇ ಬರೆಯಿರಿ. ಹಗಲು ಹೊತ್ತಿನಲ್ಲಿ ನೋಡಿದರೆ ಒಳ್ಳೆಯದು.