ಹೊಲದ ಬದುವಿನಲ್ಲಿ ಸಿಕ್ಕ ನಕ್ಷತ್ರ ಆಮೆ

ಪ್ರಶ್ನೆ: ಮಳೆ ಬಿದ್ದ ಮರುದಿನ ನಮ್ಮ ಕಡಲೆಕಾಯಿ ಹೊಲದ ಬದುವಿನಲ್ಲಿ, ಚಿಪ್ಪಿನ ತುಂಬ ಹಳದಿ ಗೆರೆಗಳಿರುವ ಆಮೆಯೊಂದು ಸಿಕ್ಕಿದೆ. ಮನೆಯಲ್ಲಿಟ್ಟುಕೊಂಡರೆ ಲಕ್ಷ್ಮಿ ಬರುತ್ತಾಳೆಂದು ನಮ್ಮ ಅತ್ತೆಯವರು ಹೇಳುತ್ತಾರೆ. ಊರ ಕೆರೆಗೆ ಬಿಟ್ಟುಬಿಡೋಣವೆಂದು ಯಜಮಾನರು ಹೇಳುತ್ತಾರೆ. ಆಮೆಗಳ ಬಗ್ಗೆ ತಾವು ಬಹಳ ಅಕ್ಕರೆಯಿಂದ ಬರೆಯುತ್ತೀರಿ. ಏನು ಮಾಡಬೇಕೆಂದು ದಯವಿಟ್ಟು ತಿಳಿಸಿ.
– ಓದುಗರು, ಬಾಗೇಪಲ್ಲಿ ತಾಲ್ಲೂಕು

ಉತ್ತರ: ಕೆರೆಗೆ ಖಂಡಿತ ಬಿಡಬೇಡಿ. ನಕ್ಷತ್ರ ಆಮೆ ಒಣನೆಲದ ಪ್ರಾಣಿ; ಆನೆಯ ಕಾಲಿನಂತೆ ಮೋಟಾಗಿರುವ ಅದರ ಕಾಲುಗಳಲ್ಲಿ ಈಜುವುದಕ್ಕೆ ಬೇಕಾದ ಪೊರೆಯಿಲ್ಲವಾದ್ದರಿಂದ, ಆಳದ ನೀರಿಗೆ ಬಿದ್ದರೆ ಮುಳುಗಿ ಸಾಯುತ್ತದೆ. ಪುಣ್ಯದ ಕೆಲಸವೆಂದು ನಂಬಿ ಇದನ್ನು ಕಲ್ಯಾಣಿಗೆ, ಬಾವಿಗೆ ಬಿಡುವವರಿದ್ದಾರೆ ಎಂಬುದೇ ನನಗೆ ಹೆಚ್ಚು ಸಂಕಟದ ಸಂಗತಿ.

ಮನೆಯಲ್ಲಿಟ್ಟುಕೊಳ್ಳುವುದೂ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಈ ಆಮೆ, ಅತಿ ಹೆಚ್ಚು ರಕ್ಷಣೆಯಿರುವ ಪ್ರಾಣಿಗಳ ಪಟ್ಟಿಯಾದ ಮೊದಲನೇ ಅನುಸೂಚಿಯಲ್ಲಿದ್ದು, ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧವೇ. ಕಾನೂನಿನ ಮಾತು ಹಾಗಿರಲಿ, ಮನೆಯಲ್ಲಿ ಅದು ಆರೋಗ್ಯವಾಗಿಯೂ ಇರಲಾರದು. ಹುಲ್ಲು, ಸೊಪ್ಪು, ಉದುರಿದ ಹಣ್ಣು–ಹೂಗಳನ್ನು ಮೇಯುತ್ತ ಬಿಸಿಲು–ನೆರಳು ನೋಡಿಕೊಂಡು ಅಲೆಯುವ ಜೀವಕ್ಕೆ ಅನ್ನ, ಟೊಮೆಟೊ ಹಾಕಿ ಮೂಲೆಯಲ್ಲಿ ಕೂರಿಸಿದರೆ ಎಳೆಯ ಚಿಪ್ಪು ಗುಬುಟು ಗುಬುಟಾಗಿ ಉಬ್ಬಿ ವಿಕಾರವಾಗುತ್ತದೆ.

ಈ ಆಮೆಯ ವಿಷಯದಲ್ಲಿ ನನ್ನನ್ನು ಇಂದಿಗೂ ಬೆರಗುಗೊಳಿಸುವುದು ಅದು ಮೊಟ್ಟೆಯಿಡುವ ರೀತಿ. ಹೆಣ್ಣು ಗಟ್ಟಿ ನೆಲವನ್ನು ತನ್ನ ಮೂತ್ರದಿಂದಲೇ ನೆನೆಸಿ ಮೆದು ಮಾಡಿಕೊಂಡು, ಹಿಂದಿರುಗಿಯೂ ನೋಡದೆ ಬರೀ ಹಿಂಗಾಲುಗಳಿಂದ ಗುಳಿ ತೋಡುತ್ತದೆ. ಕೆಲವೇ ಮೊಟ್ಟೆಗಳನ್ನಿಟ್ಟು, ಅದೇ ಕಾಲುಗಳಿಂದ ಮಣ್ಣೆಳೆದು ಮುಚ್ಚಿ, ಹೊಟ್ಟೆಯ ಚಿಪ್ಪಿನಿಂದ ಒತ್ತಿ ಸಮ ಮಾಡಿ ಹೊರಟುಹೋಗುತ್ತದೆ. ಮರಿ ಹೊರಬರಲು ತಿಂಗಳುಗಳೇ ಬೇಕು. ಹೀಗೆ ನಿಧಾನವಾಗಿ ಹೆಚ್ಚುವ ಸಂತತಿಯಿಂದ ಬೆಳೆದ ಹೆಣ್ಣೊಂದನ್ನು ಎತ್ತಿಕೊಂಡು ಹೋದರೆ ಆ ನಷ್ಟ ಬೇಗ ತುಂಬುವಂಥದ್ದಲ್ಲ.

ಆದರೂ ಚಂದಕ್ಕಾಗಿ, ಅದೃಷ್ಟದ ನಂಬಿಕೆಗಾಗಿ ಇವುಗಳನ್ನು ಚೀಲ–ಸೂಟ್‌ಕೇಸ್‌ಗಳಲ್ಲಿ ತುಂಬಿ ಹೊರದೇಶಕ್ಕೆ ಸಾಗಿಸುತ್ತಲೇ ಬಂದಿದ್ದಾರೆ. ಸಿಂಗಪುರದಲ್ಲಿ ಸಿಕ್ಕಿದ್ದ 51 ನಕ್ಷತ್ರ ಆಮೆಗಳನ್ನು 2018ರ ನವೆಂಬರಿನಲ್ಲಿ ಬೆಂಗಳೂರಿಗೆ ಮರಳಿ ತರಲಾಯಿತು; ಮರುವರ್ಷ, ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವೂ (ಸೈಟಿಸ್) ಈ ಆಮೆಗಳ ವಾಣಿಜ್ಯ ವ್ಯಾಪಾರವನ್ನು ನಿಷೇಧಿಸಿತು. ಹಾಗೆ ಮರಳಿದವನ್ನು ಕಂಡಕಂಡ ಕಾಡಿಗೆ ಬಿಡುವಂತಿಲ್ಲ. ಗುಜರಾತ್–ರಾಜಸ್ಥಾನದ ಆಮೆಗಳ ವಂಶವಾಹಿ ಬೇರೆ, ದಕ್ಷಿಣದವುಗಳದು ಬೇರೆ. ಬೆರೆಸಿದರೆ ಆಯಾ ನೆಲಕ್ಕೆ ಒಗ್ಗಿದ ಗುಣ ಕೆಡುತ್ತದೆ, ಕಿಕ್ಕಿರಿದ ಪೆಟ್ಟಿಗೆಯಲ್ಲಿ ಅಂಟಿದ ರೋಗವೂ ಕಾಡಿನ ಆಮೆಗಳಿಗೆ ತಗಲಬಹುದು.

ನಿಮ್ಮ ಆಮೆಗೆ ಈ ತೊಡಕಿಲ್ಲ, ಅದರ ಊರು ನಿಮ್ಮ ಬದುವೇ. ಗಾಯವಿಲ್ಲದಿದ್ದರೆ ಬಿಸಿಲಿಳಿದ ಮೇಲೆ, ಸಿಕ್ಕ ಜಾಗದಲ್ಲೇ, ಪೊದೆಯ ಬುಡದಲ್ಲಿ ಬಿಟ್ಟುಬಿಡಿ. ಚಿಪ್ಪು ಒಡೆದಿದ್ದರೆ ಅಥವಾ ಮಂಕಾಗಿದ್ದರೆ ವಲಯ ಅರಣ್ಯ ಕಚೇರಿಗೆ ತಿಳಿಸಿ. ಬದುವಿಗೆ ಬೆಂಕಿ ಹಾಕುವ ರೂಢಿಯಿದ್ದರೆ ಯಜಮಾನರಿಗೆ ಹೇಳಿ ನಿಲ್ಲಿಸಿ. ಮಕ್ಕಳು ಫೋಟೊ ತೆಗೆದಿದ್ದರೆ ಅದನ್ನು ಊರಿನ ಹೆಸರಿನೊಂದಿಗೆ ವಾಟ್ಸ್ಆ್ಯಪ್‌ನಲ್ಲಿ ಹಂಚಬಾರದು. ಆಮೆ ಹಿಡಿಯುವವರಿಗೆ ಅಷ್ಟು ಸುಳಿವು ಸಾಕು.